ಎರಡು ಗೀಟಿನ ಕೊಂಡಿ

ಹಳೇ ವಿಮಾನಗಳ ಕೆಲಸ ಮಾಡೂ ಮಂದಿಯೊಳಗ ಒಂದು ಪದ್ಧತಿ ಐತಿ. ಯಾವ ಫಿಟ್ಟರ ಅದರ ನಟ್ಟು-ಬೋಲ್ಟು ಬಿಗಿದಿರ್ತಾನೋ, ಮೊದಲ ಹಾರಾಟಕ್ಕ ಅವನೇ ಮುಂದಿನ ಸೀಟಿನಾಗ ಕುಂದರಬೇಕು. ಹಾರಿಸಾಂವ ಹಿಂದಿನ ಸೀಟಿನಾಗ. ತನ್ನ ಜೀವಾನೇ ಮೊದಲು ಮ್ಯಾಲೆ ಹೋಗ್ತೈತಿ ಅಂತ ಗೊತ್ತಿದ್ದಾಂವ ಕೆಲಸದಾಗ ಮೈಗಳ್ಳತನ ಮಾಡಂಗಿಲ್ಲ, ಅಷ್ಟ ಅದರ ಹಿಂದಿನ ಮರ್ಮ. ಛಲೋ ಪದ್ಧತಿ, ಇಲ್ಲ ಅನ್ನಂಗಿಲ್ಲ. ಆ ಒಂದು ಸೀಟಿನ ಸಲುವಾಗಿ ಸೋಮಲಿಂಗ ಮೂರು ವರ್ಷದ ಸೂಟಿ ದಿನಾ ಎಲ್ಲಾ ಸುಟ್ಟುಕೊಂಡ.

ಸೋಮಲಿಂಗ ಅಂದ್ರ ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಕಾರ್ಖಾನಿಯ ಫಿಟ್ಟರ. ವಯಸ್ಸು ನಲವತ್ತರ ಹತ್ರ. ಅವರಪ್ಪ, ಅಜ್ಜ ಎಲ್ಲಾ ಖಾನಾಪುರ ಸೀಮಿಯೊಳಗ ಕುರಿ ಕಾಯ್ದವರು. ಸಣ್ಣಾಂವಿದ್ದಾಗ ಇವನೂ ಕುರಿ ಹಿಂದ ಅಡ್ಡಾಡಿದಾಂವನ. ಆದ್ರ ಸಾಂಬ್ರಾ ವಿಮಾನ ನಿಲ್ದಾಣದ ಕಡೆಯಿಂದ ಒಂದು ವಿಮಾನ ಬಂತಂದ್ರ ಸಾಕು, ಕೋಲು ಊರಿ ಕುತ್ತಿಗಿ ಎತ್ತಿ ನಿಂತು ಬಿಡ್ತಿದ್ದ. ಅದು ಮಾಯ ಆಗೂದ್ರಾಗ ಕುರಿ ಮಂದಿ ಹೊಲದಾಗ. ಹೊಲದವರು ಬಂದು ಒದರ್ಯಾಡಿದ್ರ ಬೈಸಿಕೊಳ್ಳಾಕಿ ಅಕ್ಕ ನಿಂಗವ್ವ. ಅವ್ವ ಲಗೂ ತೀರಿಕೊಂಡಿದ್ಲು, ಅಕ್ಕನೇ ಅವನ್ನ ಬೆಳೆಸಿದಾಕಿ. ಈಗ ಆಕಿ ಖಾನಾಪುರ ದಾಟಿ ನಂದಗಡ ರಸ್ತೇಕ ಇರೂ ಒಂದು ಹಳ್ಳಿಯೊಳಗ ಗಂಡನ ಮನಿಯಾಗಿದ್ಲು, ಇನ್ನೂ ಕುರಿ ಬಿಟ್ಟಿರ್ಲಿಲ್ಲ.

ಇನ್ನ ಬಾಳಪ್ಪ. ಮಹಾಂತೇಶ ನಗರದಾಗ ಎರಡು ಮಾಳಗಿ ಮನಿ, ಅಪ್ಪನ ಕಾಲದಿಂದ ಕಾಳುಕಡಿ ವ್ಯಾಪಾರ. ಹರೇದಾಗ ಕ್ಲಬ್ಬಿಗೆ ಹೋಗಿ ವಿಮಾನ ಹಾರಿಸೂದು ಕಲ್ತು ಲೈಸನ್ಸು ಮಾಡಿಕೊಂಡು ಬಂದಿದ್ದ. ಸೋಮಲಿಂಗ, ಅಂವ ಹೈಸ್ಕೂಲಿನಾಗ ಒಂದೇ ಬಾಕಿನ ಮ್ಯಾಲ ಕುಂತವರು. ನಾಲ್ಕು ಮಂದಿ ಮುಂದ ಸೋಮಲಿಂಗ ಅವಗ "ಸಾವ್ಕಾರ್ರ" ಅಂತಿದ್ದ, ಇಬ್ಬರೇ ಇದ್ದಾಗ "ಬಾಳ್ಯಾ" ಅಂತಿದ್ದ. ಆ "ಬಾಳ್ಯಾ" ಅನ್ನೂ ಹಕ್ಕು ಊರಾಗ ಮತ್ಯಾರಿಗೂ ಇರ್ಲಿಲ್ಲ, ಅದರ ಬಗ್ಗೆ ಸೋಮಲಿಂಗಗ ಒಳಗೊಳಗ ಭಾಳ ಹೆಮ್ಮಿ.

ತೊಂಬತ್ತೇಳರ ಬ್ಯಾಸಿಗ್ಯಾಗ ಬಾಳಪ್ಪ ಅವನ್ನ ಸ್ಕೂಟರಿನ ಮ್ಯಾಲ ಕುಂದರಿಸಿಕೊಂಡು ಕ್ಯಾಂಪಿನಾಗ ಒಂದು ಹಳೇ ಬಂಗಲೆಗೆ ಕರಕೊಂಡು ಹೋದ. ಹಿಂದಿನ ಪತ್ರಾಸ, ಅಂದ್ರ ತಗಡಿನ ಶೆಡ್ಡಿನೊಳಗ, ಹರಕ ತಾಡಪಲ್ಲಿನ ಬುಡಕ, ಅದು ಬಿದ್ದಿತ್ತು. ಮಹಾಯುದ್ಧದ ಕಾಲದ ಎರಡು ಸೀಟಿನ ವಿಮಾನ. ಒಂದರ ಮ್ಯಾಲೊಂದು ಎರಡು ಜೋಡಿ ರೆಕ್ಕಿ, ನಡುವ ಕಟಗಿ ಕಂಬ, ಕಂಬದಿಂದ ಕಂಬಕ್ಕ ಉಕ್ಕಿನ ತಂತಿ. ಮೈಯೆಲ್ಲಾ ಕಟಗಿ ಮತ್ತ ಬಟ್ಟಿ, ಬಟ್ಟಿ ಅಲ್ಲಲ್ಲಿ ಇಲಿ ತಿಂದಿತ್ತು. ಸೀಟಿನ ಮ್ಯಾಲ ಮುಚ್ಚಿಗಿ ಇಲ್ಲ. ಕುಂತರ ತಲಿ, ಭುಜ ಎಲ್ಲಾ ಬಯಲಾಗ.

"ಇದನ್ನ ನಾ ತಗೊಂಡೀನಿ" ಅಂದ ಬಾಳಪ್ಪ. "ಹಾರೂಹಂಗ ಮಾಡ್ತೀಯೇನು?"

ಸೋಮಲಿಂಗ ರೆಕ್ಕಿ ಮ್ಯಾಲಿನ ಧೂಳದಾಗ ಬಟ್ಟು ಆಡಿಸಿದ. "ಮಾಡಿದ್ರ?"

"ಮಾಡಿದ್ರ ಪದ್ಧತಿ ಐತಲ್ಲ. ಮೊದಲ ಸಲ ಮುಂದಿನ ಸೀಟು ನಿಂದು. ಆಮ್ಯಾಲ ನಿನಗೂ ಹಾರ್ಸಾಕ ಕಲಸ್ತೀನಿ. ಇದು ನಮ್ಮಿಬ್ಬರದು ಅಂತ ತಿಳ್ಕೊ."

ಸೋಮಲಿಂಗ ಪಗಾರದ ಮಾತು ಎತ್ತಲಿಲ್ಲ, ಬಾಳಪ್ಪನೂ ಎತ್ತಲಿಲ್ಲ. "ನಮ್ಮಿಬ್ಬರದು" ಅಂದ ಮ್ಯಾಲ ಪಗಾರ ಯಾರಿಗೆ ಕೇಳಬೇಕು?

ಅವತ್ತಿನಿಂದ ಸೂಟಿ ದಿನ ಬಂತಂದ್ರ ಸೋಮಲಿಂಗ ಮನ್ಯಾಗಿಲ್ಲ. ಎಂಜಿನ್ನಿನ ಒಂದೊಂದು ಸಾಮಾನನ್ನೂ ಬಿಚ್ಚಿ, ರಾಕೇಲ ಎಣ್ಣಿಯಾಗ ತೊಳದು, ಸವದಿದ್ದನ್ನ ತನ್ನ ಕಾರ್ಖಾನಿಯ ಲೇತಿನ ಮ್ಯಾಲ ಮಾಲಕನ ಕೈಕಾಲು ಹಿಡದು ಹೊಸದಾಗಿ ಮಾಡಿದ. ರೆಕ್ಕಿಗೆ ಬಟ್ಟಿ ಹೊಲದು ಹಳದಿ ಬಣ್ಣ ಬಳದ. ಎರಡು ವರ್ಷ ಕಳದ ಮ್ಯಾಲ ಎಲ್ಲಾನೂ ಬಿಚ್ಚಿ ಲಾರಿಯೊಳಗ ಹೇರಿ ಖಾನಾಪುರದ ಆಚೆ, ನಿಂಗವ್ವನ ಹಳ್ಳಿ ಬಾಜೂಕ ಇದ್ದ ಬಯಲು ಮಾಳಕ್ಕ ತಂದ್ರು. ಅಲ್ಲೊಂದು ಪತ್ರಾಸ ಶೆಡ್ಡು ಹಾಕಿ ಹೊಳ್ಳಿ ಜೋಡಿಸಿದ್ರು. ನಿಂಗವ್ವ ಕುರಿ ಮೇಯಿಸಿಕೋತ ಬಂದು ಶೆಡ್ಡಿನ ಬಾಗಲದಾಗ ನಿಂತು ನೋಡಾಕಿ.

"ಕಟಗಿ, ಬಟ್ಟಿ, ತಂತಿ. ಇದು ವಿಮಾನ ಅಲ್ಲೋ ತಮ್ಮಾ, ಹಾರೂ ಟಾಂಗಾ. ಕುದುರಿ ಎಲ್ಲೈತಿ?" ಅಂತ ಚಾಷ್ಟಿ ಮಾಡಾಕಿ.

ಸೋಮಲಿಂಗನ ಕೆಲಸದ ರೀತಿಯೊಳಗ ಒಂದು ಕಟ್ಟುನಿಟ್ಟು ಇತ್ತು. ತಾ ಮಾಡಿದ ಸಾಮಾನು ಪಾಸಾದ್ರ ಅದರ ಮ್ಯಾಲ ಒಂದು ಸಣ್ಣ ಚುಕ್ಕಿ ಹೊಡೀತಿದ್ದ. ಪಾಸಾಗಲಿಲ್ಲ ಅಂದ್ರ ಕಾನಸದಿಂದ, ಅಂದ್ರ ಉಕ್ಕು ತಿಕ್ಕೂ ಅರದಿಂದ, ಎರಡು ಗೀಟು ಹಾಕಿ ಒಂದು ಡಬ್ಬಿಯೊಳಗ ಒಗೀತಿದ್ದ. ಬರೇ ಬಣ್ಣ ಹಚ್ಚಿದ್ರ ಯಾರರ ಒರಸ್ತಾರ. ಗೀಟು ಒರಸಾಕ ಬರಂಗಿಲ್ಲ.

ಹಂಗ ಡಬ್ಬಿ ಸೇರಿದ್ದರಾಗ ಒಂದು ಕೊಂಡಿ ಇತ್ತು. ಬೆರಳಿನಷ್ಟ ಉದ್ದದ ಉಕ್ಕಿನ ಕೊಂಡಿ. ಮುಂದಿನ ಸೀಟಿನಾಂವನ ಕಣ್ಣಿನ ಎದುರಿಗೇ, ನಡುಗಂಬದ ತುದಿಗೆ, ಎಡಗಡೆ ರೆಕ್ಕಿಯ ತಂತಿ ಹಿಡಿಯೂ ಕೊಂಡಿ ಅದು. ಹಾರುವಾಗ ಗಾಳಿನೇ ರೆಕ್ಕಿ ಎತ್ತಿ ಹಿಡೀತೈತಿ, ಆಗ ಈ ತಂತಿಗೆ ಕೆಲಸಿಲ್ಲ. ನೆಲಕ್ಕ ಇಳಿದು ಗಾಲಿ ಬಡಿತಂದ್ರ ಇಡೀ ರೆಕ್ಕಿಯ ಭಾರ ಇದರ ಮ್ಯಾಲ ಬೀಳ್ತೈತಿ. ಮೊದಲು ಮಾಡಿದ ಕೊಂಡಿಯೊಳಗ ಕೂದಲಿನಂಥ ಒಂದು ಸೀಳು ಕಂಡಿತ್ತು. ಎರಡು ಗೀಟು ಹಾಕಿ ಒಗದು, ಎಂಟು ದಿನ ತಗೊಂಡು ಹೊಸಾದು ಮಾಡಿ ಕುಂದರಿಸಿದ. ಬಾಳಪ್ಪ ಆಗ ಬಾಜೂಕ ನಿಂತಿದ್ದ. "ಇಷ್ಟು ಸಣ್ಣ ಸೀಳಿಗೆ ಯಾಕಿಷ್ಟು ಹಟ?" ಅಂತ ಕೇಳಿದ್ದ. "ನಿಂತಾಗ ತಡೀತೈತಿ, ಧಕ್ಕಿ ಬಡದ್ರ ತಡಿಯಂಗಿಲ್ಲ" ಅಂತ ಸೋಮಲಿಂಗ ಹೇಳಿದ್ದ. ಅಂದ್ರ ಬಾಳಪ್ಪಗ ಗೊತ್ತಿತ್ತು. ಈ ಮಾತು ನೆನಪಿಟ್ಟುಕೊಳ್ರಿ.

ಎರಡು ಸಾವಿರದ ಇಸವಿ ದಸರಾಕ್ಕ ಎಲ್ಲಾ ತಯಾರಾತು. ಸರ್ಕಾರದ ಸಾಹೇಬರು ಬಂದು ನೋಡಿ ಸಹಿ ಮಾಡಿ ಹೋಗಿದ್ರು. "ದಸರಾದ ದಿನಾನೇ ಹಾರೂಣು" ಅಂದ ಬಾಳಪ್ಪ. "ಎಲ್ಲಾರೂ ಊರ ಸೀಮಿ ದಾಟ್ತಾರ, ನಾವು ಆಕಾಶದಾಗ ದಾಟೂಣು." ಸೋಮಲಿಂಗಗ ಈ ಮಾತು ಕೇಳಿ ಮೈ ಝುಂ ಅಂತು. ಅಷ್ಟಮಿ ದಿನ ಅಂವ ಒಂದೊಂದು ನಟ್ಟೂ ಮುಟ್ಟಿ ನೋಡಿ ಕೆಲಸ ಮುಗಿಸಿದ. ಖಂಡೇನವಮಿ ಮುಂಜಾನೆ ತನ್ನ ನಟ್ಟು ತಿರುವೂ ಪಾನಾ, ಕಾನಸ, ಸುತಗಿ ಎಲ್ಲಾ ತೊಳದು ವಿಮಾನದ ಮುಂದ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡದು ಪೂಜಿ ಮಾಡಿದ. ಆ ಮನೆತನದಾಗ ಹತ್ಯಾರಗಳನ್ನ ಪೂಜಿಗಿಟ್ಟರಂದ್ರ ಮರುದಿನ ಸಂಜಿಗೆ ಬನ್ನಿ ಮುಡಿಯೂ ತನಕ ಕೈ ಹಚ್ಚಂಗಿಲ್ಲ. ಕುರಿ ಉಣ್ಣೆ ಕತ್ತರಿಸೂ ಕತ್ತರಿಯಿಂದ ಹಿಡದು ಇವನ ಪಾನಾದ ತನಕ ಎಲ್ಲಾಕ್ಕೂ ಅದೇ ಕಟ್ಟು. ಪೂಜಿ ಮುಗಿಸಿ ಅಂವ ಬಸ್ಸು ಹಿಡದು ಉದ್ಯಮಬಾಗಕ್ಕ ಹೋದ, ಕಾರ್ಖಾನಿ ಪೂಜಿಗೆ ಹೋಗದಿದ್ರ ಮಾಲಕ ಬಿಡ್ತಾನೇನು. ಶೆಡ್ಡಿನ ಕೀಲಿ ಬಾಳಪ್ಪನ ಕಡೆ ಇತ್ತು.

ದಸರಾದ ಮಧ್ಯಾಹ್ನ ಮೂರಕ್ಕ ಸೋಮಲಿಂಗ ಮಾಳಕ್ಕ ಬಂದಾಗ ವಿಮಾನ ಆಗಲೇ ಹೊರಗ ನಿಂತಿತ್ತು. ಬಾಳಪ್ಪನ ಜೋಡಿ ಒಬ್ಬಾಕಿ ಹೆಂಗಸು, ಕಣ್ಣಿಗೆ ಕರೇ ಚಷ್ಮಾ, ಕಾಲಿಗೆ ಬೂಟು.

"ಇವರು ಮಾಯಾ ಬಾಯಿ, ಪುಣೇದವರು. ಗೋವಾದಾಗ ಹೋಟೆಲ್ಲು ಅದಾವ. ಸುಮ್ಮ ನೋಡಾಕ ಬಂದಾರ" ಅಂದ ಬಾಳಪ್ಪ.

ಆಕಿ ಮರಾಠಿಯೊಳಗ, "ನೀವೇನು ಇದನ್ನ ಕಟ್ಟಿದವರು? ಇವತ್ತು ನೀವೇ ಕುಂದರೋದಲ್ಲ?" ಅಂತ ಕೇಳಿದ್ಲು. ಹೌದು ಅಂದ ಸೋಮಲಿಂಗ. ಆಕಿ ಸಮಾಧಾನದಿಂದ ನಕ್ಕಳು. ಯಾಕ ಸಮಾಧಾನ ಅಂತ ಇವಗ ತಿಳೀಲಿಲ್ಲ.

ಅಂವ ಶೆಡ್ಡಿನೊಳಗ ಇಣುಕಿದ. ಪೂಜಿಗಿಟ್ಟ ಪಾನಾಗಳೊಳಗ ಒಂದರ ವಿಭೂತಿ ಅಳಿಸಿತ್ತು. ಇಲಿ ಓಡ್ಯಾಡಿರಬೇಕು ಅನ್ಕೊಂಡ. ಆಮ್ಯಾಲ ವಿಮಾನದ ಸುತ್ತ ಒಂದು ಸುತ್ತು ಹಾಕಿ, ತಂತಿ ಒಂದೊಂದನ್ನೂ ಕೈಯಿಂದ ಜಗ್ಗಿ ನೋಡಿದ. ಎಡಗಡೆ ನಡುಗಂಬಕ್ಕ ಚೆಂಡಹೂವಿನ ದಪ್ಪನ ಹಾರ ಸುತ್ತಿತ್ತು. ನವಮಿಗೆ ತಾ ಹಾಕಿದ್ದು ಒಂದು ಎಳಿ ಹಾರ, ಇದು ಮೂರು ಎಳಿ. ಬಿಚ್ಚಾಕ ಕೈ ಚಾಚಿದ.

"ತಗೀಬ್ಯಾಡೋ" ಅಂದ ಬಾಳಪ್ಪ. "ಪೂಜಿ ಹೂ. ಮ್ಯಾಲ ಹೋದಾಗ ತಾನಾಗೇ ಬಿದ್ರ ಪ್ರಸಾದ ಕೊಟ್ಟಂಗ."

ಸೋಮಲಿಂಗ ಕೈ ಹಿಂದ ತಗೊಂಡ. ದೇವರ ಹೂ ಅಂದ ಮ್ಯಾಲ ಅದರ ಬುಡಕ ಏನೈತಿ ಅಂತ ಎತ್ತಿ ನೋಡೂ ಮಂದಿ ಅವರ ಮನೆತನದಾಗ ಯಾರೂ ಹುಟ್ಟಿರ್ಲಿಲ್ಲ. ಅದು ಗೊತ್ತಿದ್ದೇ ಅಲ್ಲಿ ಹೂ ಸುತ್ತಿತ್ತು.

ಹತ್ತೂಕಿಂತ ಮೊದಲು ಬಾಳಪ್ಪ ಒಂದು ಬನ್ನಿ ಎಲಿ ಅವನ ಕೈಯಾಗಿಟ್ಟ. ಗಿಡದ ಪೂಜಿ ಇನ್ನೂ ಆಗಿರ್ಲಿಲ್ಲ, ಅಂವ ಮುಂಚೇನೇ ಹರಕೊಂಡು ಬಂದಿದ್ದ. "ಬನ್ನಿ ತಗೊಂಡು ನಾವು ನೀವು ಬಂಗಾರದಂಗ ಇರೂಣು" ಅಂದ. ಸೋಮಲಿಂಗ ಅದನ್ನ ಕಣ್ಣಿಗೊತ್ತಿಕೊಂಡು ಅಂಗಿ ಕಿಸೇದಾಗ ಇಟ್ಟ. ನಿಂಗವ್ವ ಬಂದು ಒಂದು ಕೆಂಪು ವಸ್ತ್ರ ಕೊಟ್ಟಳು. "ಮ್ಯಾಲಿಂದ ಇದನ್ನ ಬೀಸು. ನಾ ಕುರಿ ಹತ್ರ ನಿಂತಿರ್ತೀನಿ. ನೀನ ಅಂತ ನನಗ ಗೊತ್ತಾಗಲಿ" ಅಂದ್ಲು.

ಸೋಮಲಿಂಗ ವಿಮಾನದ ಮೂತಿಗಿರೂ ಪಂಖ ಹಿಡದು ಜೋರಲೆ ತಿರುವಿದ. ಮೂರನೇ ಸಲಕ್ಕ ಎಂಜಿನ್ನು ಕೆಮ್ಮಿ, ನೀಲಿ ಹೊಗಿ ಉಗುಳಿ, ಹತ್ತಿಕೊಂಡಿತು. ಅಂವ ಓಡಿ ಬಂದು ಮುಂದಿನ ಸೀಟಿನಾಗ ಇಳಿದು ಪಟ್ಟಾ ಬಿಗದುಕೊಂಡ. ತೊಗಲಿನ ಟೊಪಗಿ, ಗಾಳಿ ತಡಿಯೂ ಚಷ್ಮಾ ಹಾಕಿಕೊಂಡ. ಟೊಪಗಿಯ ಕಿವಿಯಿಂದ ಹಿಂದಿನ ಸೀಟಿಗೆ ಒಂದು ರಬ್ಬರ ನಳಿಗಿ, ಎಂಜಿನ್ನಿನ ಸಪ್ಪಳದಾಗ ಒಬ್ಬರಿಗೊಬ್ಬರು ಮಾತಾಡಾಕ ಅದೊಂದೇ ದಾರಿ.

ಮಾಳದ ಹುಲ್ಲಿನ ಮ್ಯಾಲ ಗಾಲಿ ಕುಣಕೋತ ಓಡಿತು. ಆಮ್ಯಾಲ ಕುಣಿಯೂದು ನಿಂತಿತು. ಅಷ್ಟ. ಸೋಮಲಿಂಗ ಬಗ್ಗಿ ನೋಡಿದ್ರ ಗಾಲಿ ಬುಡಕ ನೆಲ ಇಲ್ಲ.

ಏನಂತ ಹೇಳೂಣು. ಗಾಳಿ ಮುಖಕ್ಕ ಬಡದು ಗಲ್ಲ ಅದರಾಕ ಹತ್ತಿತು. ಉಸುರು ತಗೊಳ್ಳಾಕ ಬಾಜೂಕ ಮುಖ ತಿರುಗಿಸಬೇಕು. ಎಂಜಿನ್ನಿನ ಎಣ್ಣಿ ಸಣ್ಣ ಹನಿಯಾಗಿ ಬಂದು ಚಷ್ಮಾಕ್ಕ ಬಡೀತಿತ್ತು, ಬಾಯಾಗೆಲ್ಲಾ ಅದರದ ರುಚಿ. ಮೊಣಕೈ ಹೊರಗ ಹಾಕಿದ್ರ ಮೊಣಕೈ ಬುಡಕ ಸಾವಿರ ಫೂಟು ಬರೇ ಖಾಲಿ. ಮಲಪ್ರಭಾ ಹೊಳಿ, ರೈಲ್ವೆ ಹಳಿ, ಭತ್ತದ ಗದ್ದಿ, ಎಲ್ಲಾ ಯಾರೋ ಒಗದು ಒಣಗಾಕ ಹಾಸಿದ ಅರಿವಿಯಂಗ ಬಿದ್ದಿದ್ವು. ಅಗೋ ಖಾನಾಪುರ ಸ್ಟೇಶನ್ನು. ಅಗೋ ದೂರದಾಗ ಬೆಳಗಾವಿ. ಉದ್ಯಮಬಾಗದ ಚಿಮಣಿ ಇವತ್ತು ಸೂಟಿ ಅಂತ ಹೊಗಿ ಬಿಡದ ನಿಂತಿದ್ವು. ಇಪ್ಪತ್ತು ವರ್ಷ ಆ ಪತ್ರಾಸಿನ ಬುಡಕ ತಲಿ ತಗ್ಗಿಸಿ ಕೆಲಸ ಮಾಡಿದಾಂವ ಇವತ್ತು ಅದನ್ನ ಮ್ಯಾಲಿಂದ ನೋಡಿದ. ಕಣ್ಣಾಗ ನೀರು ಬಂತು. ಗಾಳಿಗೆ ಬಂತು ಅಂತ ತನಗ ತಾನೇ ಹೇಳಿಕೊಂಡ, ಸುಳ್ಳು.

"ಹೆಂಗೈತಿ?" ಅಂತ ಕಿವಿಯೊಳಗ ಬಾಳಪ್ಪನ ದನಿ.

"ಬಾಳ್ಯಾ, ಇನ್ನ ನಾ ಸತ್ರೂ ಚಿಂತಿಲ್ಲ" ಅಂದ ಸೋಮಲಿಂಗ. ಖರೇನ ಹಂಗಂದ.

ಅಷ್ಟೊತ್ತಿಗೆ ವಿಮಾನ ತಿರುಗಿತು, ಗಾಳಿ ಬಾಜೂಕಿಂದ ಬಡೀತು, ಕಂಬಕ್ಕ ಸುತ್ತಿದ ಹಾರದ ದಾರ ಪಟಕ್ಕನ ಹರೀತು. ಚೆಂಡಹೂ ಎಲ್ಲಾ ಚೆಲ್ಲಾಪಿಲ್ಲಿಯಾಗಿ ಅವನ ಮುಖಕ್ಕ, ಎದಿಗೆ ಬಡಕೋತ ಹಿಂದಕ್ಕ ಹಾರಿಹೋದ್ವು. ಸೋಮಲಿಂಗ ಸಣ್ಣ ಹುಡುಗರಂಗ ನಕ್ಕ. "ಪ್ರಸಾದ ಆತು" ಅಂತ ನಳಿಗಿಯೊಳಗ ಹೇಳಿದ.

ನಕ್ಕೋತ ಕಂಬದ ಕಡೆ ನೋಡಿದ. ಸಂಜಿ ಬಿಸಿಲು ಓರಿಯಾಗಿ ಕೊಂಡಿ ಮ್ಯಾಲ ಬಿದ್ದಿತ್ತು. ಕೊಂಡಿಗೆ ಹೊಸಾ ಬೆಳ್ಳಿ ಬಣ್ಣ. ತಾ ಯಾವತ್ತೂ ಅದಕ್ಕ ಬೆಳ್ಳಿ ಬಣ್ಣ ಹಚ್ಚಿರ್ಲಿಲ್ಲ. ಬಣ್ಣದ ಬುಡಕ, ಓರೆ ಬಿಸಿಲಿಗೆ, ಎರಡು ಗೀಟು ಎದ್ದು ಕಂಡ್ವು.

ಅವನ ಕೈಯಾಗಿನ ಗೀಟು. ತನ್ನ ಅಕ್ಷರ ತನಗ ತಿಳಿಯಂಗಿಲ್ಲೇನು? ತಾನೇ ಬ್ಯಾಡಾ ಅಂತ ಒಗದ ಸೀಳು ಕೊಂಡಿ ತನ್ನ ಕಣ್ಣಿಂದ ಒಂದು ಮೊಳ ದೂರದಾಗ ರೆಕ್ಕಿ ಹಿಡಕೊಂಡು ಕುಂತಿತ್ತು.

"ಬಾಳ್ಯಾ, ಎಡಗಡೆ ಕೊಂಡಿ ಯಾರು ಬದಲಿ ಮಾಡಿದ್ರು?"

"ಏನಂದಿ? ಕೇಳ್ಸವಲ್ದು."

ಇಷ್ಟೊತ್ತು ಎಲ್ಲಾ ಕೇಳಿಸ್ತಿತ್ತು. ಸೋಮಲಿಂಗ ಇನ್ನೊಮ್ಮೆ, ಸಾವಕಾಶ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದ. ಎಂಜಿನ್ನು ಹೊಡಕೋತಿತ್ತು. ಹಿಂದ ತಿರುಗಿ ಮುಖ ನೋಡೂಣು ಅಂದ್ರ ಪಟ್ಟಾ ಬಿಡಂಗಿಲ್ಲ.

"ಇಳದ ಮ್ಯಾಲ ಮಾತಾಡೂಣು" ಅಂದ ಬಾಳಪ್ಪ.

ಅದೇ ಉತ್ತರ. ಗೊತ್ತಿಲ್ಲ ಅನ್ಲಿಲ್ಲ, ಯಾವ ಕೊಂಡಿ ಅಂತ ಕೇಳಲಿಲ್ಲ. ಸೋಮಲಿಂಗಗ ಅಳಿಸಿದ ವಿಭೂತಿ ನೆನಪಾತು, ಮೂರು ಎಳಿ ಹಾರ ನೆನಪಾತು. ಇಲಿಯಂತ, ಇಲಿ.

ಆಕಾಶದಾಗ ಇರೂ ತನಕ ಏನೂ ಆಗಂಗಿಲ್ಲ. ಆದ್ರ ಆಕಾಶದಾಗೇ ಇರಾಕ ಬರ್ತೈತೇನು? ಪೆಟ್ರೋಲು ಇದ್ದದ್ದು ಇನ್ನ ಅರ್ಧ ತಾಸಿಂದು. ಪೆಟ್ರೋಲಿನ ಟಾಕಿ ಇದ್ದದ್ದು ಸೋಮಲಿಂಗನ ತಲಿ ಮ್ಯಾಲ. ಇಳಿಯುವಾಗ ಕೊಂಡಿ ತುಂಡಾದ್ರ ರೆಕ್ಕಿ ಕುಸೀತೈತಿ, ನೆಲಕ್ಕ ಸಿಗತೈತಿ, ವಿಮಾನ ಮಗಚಿ ಬೀಳ್ತೈತಿ. ಮುಂದಿನ ಸೀಟಿನಾಂವನ ಮ್ಯಾಲ ಟಾಕಿ. ಇದು ಅವಗ ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ. ಮತ್ತ ಇನ್ನೊಂದು ಮಾತೂ ಗೊತ್ತಿತ್ತು. ಕೊಂಡಿ ಹರದ್ರ ಬಿಗಿದ ತಂತಿ ಚಾಟಿಯಂಗ ಹಿಂದಕ್ಕ ಬೀಸಿ, ಹಿಂದಿನ ಸೀಟಿನಾಂವನ ಮುಖ ಸೀಳ್ತೈತಿ.

ನೋಡ್ರಿ ಈ ಹುಚ್ಚನ್ನ. ನಂಬಿಸಿ ಕುತ್ತಿಗಿ ಕೊಯ್ದಾಂವ ಹಿಂದ ಕುಂತಾನ, ಇಂವ ಪಟ್ಟಾ ಸಡ್ಲ ಮಾಡಿ, ಆ ಗಾಳಿಯೊಳಗ ಅರ್ಧ ಎದ್ದು ನಿಂತು, ಅಕ್ಕ ಕೊಟ್ಟ ಕೆಂಪು ವಸ್ತ್ರ ತಗದು ಕಂಬ, ಕೊಂಡಿ, ತಂತಿ ಮೂರನ್ನೂ ಸೇರಿಸಿ ಸುತ್ತಾಕ ಹತ್ತಿದ. ಬಟ್ಟಿ ಉಕ್ಕಿನ ಭಾರ ಹಿಡಿಯಂಗಿಲ್ಲ. ಹರದ ತಂತಿ ಬೀಸದಂಗ ಮಾತ್ರ ಹಿಡದೀತು. ಹಲ್ಲಿಂದ ಜಗ್ಗಿ ಜಗ್ಗಿ ಮೂರು ಗಂಟು ಹಾಕಿದ. ಕೆಳಗ ಮಾಳ ಬಂತು, ಮಾಳದ ಅಂಚಿಗೆ ನಿಂಗವ್ವನ ಕುರಿ, ಕುರಿ ನಡುವ ಆಕಿ ಎರಡೂ ಕೈ ಎತ್ತಿ ನಿಂತಿದ್ಲು. ಸೋಮಲಿಂಗನ ಎರಡೂ ಕೈ ಗಂಟಿನ ಮ್ಯಾಲ ಇದ್ವು.

"ಮೂಡಣ ಬಾಜೂಕ ಇಳಸು" ಅಂದ ನಳಿಗಿಯೊಳಗ. "ಅಲ್ಲಿ ಹುಲ್ಲು ಮೆತ್ತಗೈತಿ. ಹಗೂರ ಇಳಸು."

"ಹೂಂ" ಅಂದ ಬಾಳಪ್ಪ.

ಬಾಳಪ್ಪ ಹಾರಿಸೂದ್ರಾಗ ಶಾಣ್ಯಾ, ಅದಕ್ಕ ಹೆಸರಿಡಂಗಿಲ್ಲ. ಗಾಲಿ ಹುಲ್ಲಿಗೆ ಹತ್ತಿತು, ಒಮ್ಮೆ ಪುಟೀತು, ಹೊಳ್ಳಿ ಕುಂತಿತು. ಪುಟದಾಗ ಟಣ್ ಅಂತ ಸಣ್ಣ ಸಪ್ಪಳ. ಸೋಮಲಿಂಗನ ಬೆರಳಾಗ ಕೆಂಪು ವಸ್ತ್ರ ಒಂದು ಸಲ ಜಗ್ಗಿದಂಗಾತು. ಎಡಗಡೆ ರೆಕ್ಕಿಯ ತುದಿ ಒಂದು ಗೇಣು ಕುಸಿದು ಹುಲ್ಲು ಸವರಿಕೋತ ಓಡಿತು, ಆದ್ರ ಸಿಗಲಿಲ್ಲ. ವಿಮಾನ ನಿಂತಿತು, ಎಂಜಿನ್ನು ಬಂದ್ ಆತು.

ಸೋಮಲಿಂಗ ಇಳಿಯೂದ್ರಾಗ ಮಾಯಾ ಬಾಯಿ ಚಪ್ಪಾಳಿ ತಟಗೋತ ಬಂದ್ಲು. ಇಲ್ಲಿ ಕೇಳ್ರಿ ಆಕಿ ಏನಂದ್ಲು ಅಂತ.

"ಛಲೋ ಆತು. ನಾ ಬಾಳಪ್ಪನವರಿಗೆ ಮೊದಲೇ ಹೇಳಿದ್ದೆ, ಕಟ್ಟಿದಾಂವ ಕುಂತು ಹಾರಿ ಬಂದ್ರ ಮಾತ್ರ ತಗೊಳ್ಳೋದು, ಇಲ್ಲಾಂದ್ರ ಇಲ್ಲ ಅಂತ. ನಾಡಿದ್ದು ಗೋವಾಕ್ಕ ಒಯ್ಯೋದು. ಅಲ್ಲಿ ಪ್ರವಾಸಿಗರನ್ನ ಹಾರಿಸಬೇಕು. ಈಗ ನೀವೊಂದು ಮಾತು ಹೇಳ್ರಿ, ನಿಮ್ಮ ಕೈಯಾಗಿನ ಕೆಲಸ. ನಂಬಬಹುದಲ್ಲ?"

ಸೋಮಲಿಂಗ ಬಾಳಪ್ಪನ ಕಡೆ ನೋಡಿದ. ಬಾಳಪ್ಪ ಟೊಪಗಿಯ ಪಟ್ಟಾ ಬಿಚ್ಚೂ ನೆಪದಾಗ ತಲಿ ತಗ್ಗಿಸಿದ್ದ. ವಿಮಾನ ಮಾರೂ ಮಾತು ಆಗಲೇ ಆಗಿತ್ತು. ಮುಂದಿನ ಸೀಟಿನಾಗ ಇಂವ ಕುಂತದ್ದು ಪದ್ಧತಿಗಲ್ಲ, ಗೆಳೆತನಕ್ಕಲ್ಲ. ಗಿರಾಕಿ ಕಣ್ಣು ಕಟ್ಟಾಕ. ಮೂರು ವರ್ಷ ಯಾವ ಸೀಟಿನ ಕನಸು ಕಂಡಿದ್ದನೋ ಆ ಸೀಟಿನಾಗ ಅವನನ್ನ ಕುಂದರಿಸಿದ್ದು ಅಂಗಡಿ ಮುಂದ ಹಾಕಿದ ಬೋರ್ಡಿನಂಗ.

ಸೋಮಲಿಂಗ ಶೆಡ್ಡಿಗೆ ಹೋದ. ಬನ್ನಿ ಇನ್ನೂ ಮುಡಿದಿರ್ಲಿಲ್ಲ, ಹತ್ಯಾರ ಮುಟ್ಟಂಗಿಲ್ಲ. ವಿಭೂತಿ ಅಳಿಸಿದ ಪಾನಾ ನೋಡಿದ. ಕಟ್ಟು ಆಗಲೇ ಮುರದಿತ್ತು, ಮುರಿದಾಂವ ತಾನಲ್ಲ. ಅದನ್ನೇ ಎತ್ತಿಕೊಂಡು ಬಂದು, ಕೆಂಪು ವಸ್ತ್ರ ಬಿಚ್ಚಿ, ಕೊಂಡಿ ತಗದು, ಬಣ್ಣ ಉಗುರಿಂದ ಕೆರದು ಮಾಯಾ ಬಾಯಿಯ ಅಂಗೈಯಾಗ ಇಟ್ಟ. ಸೀಳು ಅರ್ಧಕ್ಕ ಬಾಯಿ ತಗದಿತ್ತು.

"ಈ ಎರಡು ಗೀಟು ನನ್ನವು" ಅಂದ. "ಗೀಟು ಹಾಕಿದ್ದು ಅಂದ್ರ ಹಾಕಬ್ಯಾಡ್ರಿ ಅಂತ. ಇನ್ನೊಂದು ಸಲ ಪುಟದಿದ್ರ ನಾವಿಬ್ಬರೂ ಇರ್ತಿದ್ದಿಲ್ಲ. ಇದನ್ನ ನಂಬಬ್ಯಾಡ್ರಿ ಬಾಯಿ."

ಆಕಿ ಕೊಂಡಿ ನೋಡಿದ್ಲು, ಬಾಳಪ್ಪನ್ನ ನೋಡಿದ್ಲು. ಕೊಂಡಿ ಹೊಳ್ಳಿ ಸೋಮಲಿಂಗನ ಕೈಯಾಗಿಟ್ಟು ಕಾರಿನ ಕಡೆ ನಡದ್ಲು. ಧೂಳ ಎಬ್ಬಿಸಿ ಕಾರ ಹೋತು.

ಆಮ್ಯಾಲ ಬಾಳಪ್ಪ ಬಾಯಿ ಬಿಟ್ಟ. ಮಾಯಾ ಬಾಯಿ ಒಂದು ದಿನ ಮುಂಚೇನೇ ಬಂದಿದ್ಲಂತ, ನವಮಿ ಮಧ್ಯಾಹ್ನ. ತೋರಸಾಕ ಅಂತ ತಾನೊಬ್ಬನೇ ವಿಮಾನ ಹೊರಗ ಜಗ್ಗಿದ್ನಂತ, ರೆಕ್ಕಿ ಶೆಡ್ಡಿನ ಬಾಗಲಕ್ಕ ಬಡದು ಛಲೋ ಕೊಂಡಿ ಬಾಗಿತಂತ. ಉದ್ಯಮಬಾಗ ಎಲ್ಲಾ ದಸರಾಕ್ಕ ಬಂದ್ ಇತ್ತು, ಹೊಸಾದು ಎಲ್ಲಿಂದ ತರೋದು? ಆಕಿ ನಾಡಿದ್ದು ಹೋಗಾಕಿ. ಅದಕ್ಕ ಡಬ್ಬಿಯೊಳಗ ಒಗದಿದ್ದ ಕೊಂಡಿನೇ ತಗದು ಬಣ್ಣ ಬಳದು ಕುಂದರಿಸಿದ್ನಂತ.

"ನಿನಗ ಹೇಳಿದ್ರ ನೀ ಹಾರಾಕ ಬಿಡ್ತಿದ್ದೇನು?" ಅಂದ.

"ಬಿಡ್ತಿದ್ದಿಲ್ಲ."

"ಅದಕ್ಕ ಹೇಳಲಿಲ್ಲ. ಒಂದ ಹಾರಾಟ, ಹಗೂರ ಇಳಸ್ತೀನಿ ಅಂತ ನನಗ ಧೈರ್ಯ ಇತ್ತು. ನಾನೇನು ನಿನ್ನೊಬ್ಬನ್ನ ಸಾಯಾಕ ಕಳಿಸಿದ್ನ್ಯಾ? ಹಿಂದಿನ ಸೀಟಿನಾಗ ನಾನೂ ಕುಂತಿದ್ನಿ. ನಂದೂ ಜೀವ ಅದರಾಗೇ ಇತ್ತಲ್ಲೋ ಸೋಮ್ಯಾ."

ಸೋಮಲಿಂಗ ಕೆಂಪು ವಸ್ತ್ರದ ಗಂಟು ಒಂದೊಂದೇ ಬಿಡಿಸ್ತಿದ್ದ. ಹಲ್ಲಿನ ಗುರುತು ಇನ್ನೂ ಇದ್ವು.

"ನೀ ಗೊತ್ತಿದ್ದು ಕುಂತಿದ್ದಿ" ಅಂದ. "ನಾ ಗೊತ್ತಿಲ್ದ ಕುಂತಿದ್ನಿ. ಅಷ್ಟ ಫರಕು, ಸಾವ್ಕಾರ್ರ."

ಇಬ್ಬರೇ ಇದ್ರು ಅಲ್ಲಿ. ಬಾಳಪ್ಪ ಅವನ ಮುಖ ನೋಡಿದ.

ಸೋಮಲಿಂಗ ಅಂಗಿ ಕಿಸೇದಿಂದ ಬನ್ನಿ ಎಲಿ ತಗದ. ಕೊಟ್ಟ ಬನ್ನಿ ಯಾರೂ ಹೊಳ್ಳಿ ಕೊಡಂಗಿಲ್ಲ, ವೈರಿ ಕೊಟ್ರೂ ಇಟ್ಟುಕೋತಾರ. ಅಂವ ಅದನ್ನ ಮುಂದಿನ ಸೀಟಿನ ಮ್ಯಾಲ ಇಟ್ಟ, ಎಲಿ ಹಾರಿ ಹೋಗದಂಗ ಅದರ ಮ್ಯಾಲ ಎರಡು ಗೀಟಿನ ಕೊಂಡಿ ಇಟ್ಟ. ತನ್ನ ಹತ್ಯಾರ ಚೀಲದಾಗ ತುಂಬಿಕೊಂಡು ಮಾಳದ ಅಂಚಿಗೆ ನಡದ.

ಹೊತ್ತು ಮುಳಗಾಕ ಬಂದಿತ್ತು. ಹಳ್ಳಿ ಮಂದಿ ಬನ್ನಿ ಗಿಡದ ಕಡೆ ಹೊಂಟಿದ್ರು. ನಿಂಗವ್ವ ಕುರಿ ಹೊಡಕೋತ ಎದುರಿಗೆ ಬಂದ್ಲು. ಆಕಿ ಮುಖದಾಗ ಇಷ್ಟಗಲ ನಗಿ. ತಮ್ಮ ಆಕಾಶದಾಗ ಹೋಗಿ ಬಂದಾನ, ಊರ ಮಂದಿಗೆಲ್ಲಾ ಆಗಲೇ ಹೇಳಿ ಬಂದಿದ್ಲು.

"ನೀ ಬೀಸಲೇ ಇಲ್ಲಲ್ಲೋ ತಮ್ಮಾ" ಅಂದ್ಲು. "ಕೆಂಪು ಕಂಡ್ತು, ಆದ್ರ ಒಂದ ಕಡೆ ನಿಂತಿತ್ತು. ನಾ ಕೈ ನೋಯೂ ತನಕ ಎತ್ತಿ ನಿಂತಿದ್ನಿ."

"ಕೈ ಖಾಲಿ ಇರ್ಲಿಲ್ಲಕ್ಕಾ."

ಆಕಿ ವಸ್ತ್ರ ಇಸಕೊಂಡು ನೋಡಿದ್ಲು. ಎಣ್ಣಿ ಕಲಿ, ನಡುವ ಸಣ್ಣ ಹರಕು. ಮೂರು ವರ್ಷ ಈ ದಿನದ ಮಾತೇ ಕೇಳಿದ್ದಾಕಿ, ಇವನ ಮುಖ ನೋಡಿ ಏನೋ ಆಗೈತಿ ಅಂತ ತಿಳಕೊಂಡ್ಲು. ಕುರಿ ಹೊಡಕೋತ ಅವನ ಬಾಜೂಕ ನಡದ್ಲು.

"ಮ್ಯಾಲ ಹೆಂಗಿತ್ತು?" ಅಂತ ಕಡೀಕ ಕೇಳಿದ್ಲು.

ಸೋಮಲಿಂಗ ಚೀಲ ಹೆಗಲಿಂದ ಹೆಗಲಿಗೆ ಬದಲಿಸಿದ.

"ಹೂ ಬೀಳೂ ತನಕ ಭಾಳ ಛಂದಿತ್ತಕ್ಕಾ" ಅಂದ.